ಎಡಗಡೆಯ ಅಪ್ಪುಗೆ

ಕಾಟನ್‌ವೆಲ್, ಓಕ್ಲಹೋಮಾ
೧೯ ಮಾರ್ಚ್ ೨೦೧೨, ಸೋಮವಾರ

ಪ್ರೀತಿಯ ಡಸ್ಟಿನ್ ಅಣ್ಣಾ,

ಹೇಗಿದ್ದೀಯ? ಉತ್ತರ ಡಕೋಟದ ಚಳಿಗೆ ಬಿರಿದಿದ್ದ ಬೆರಳುಗಳು ವಾಸಿಯಾದವೇ? ಅಮ್ಮ ಕಳಿಸಿದ ಮುಲಾಮನ್ನು ಕೈಗೇ ಹಚ್ಚಿಕೋ, ಬೂಟಿಗಲ್ಲ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಮಣಿಕಟ್ಟು ಮೋಡ ಕವಿದಾಗ ಮಾತ್ರ ನೋಯುತ್ತದೆ. ಅದನ್ನು ಮುರಿದು ಜೈಲಿಗೆ ಹೋಗಿದ್ದ ನಮ್ಮ ಮಲತಂದೆ ಮಹಾಶಯ ರಾಯ್ಸ್ ಬಿಡುಗಡೆಯಾಗಿ ಊರಿಗೆ ಬಂದಿದ್ದಾನೆಂದು ಆಗಲೇ ತಿಳಿಸಿದ್ದೆನಲ್ಲ. ಮಿಕ್ಕದ್ದನ್ನು ಫೋನಿನಲ್ಲಿ ಹೇಳುವ ಹಾಗಿರಲಿಲ್ಲ. ನಿಮ್ಮ ತೈಲಬಾವಿಯ ಕ್ಯಾಂಪಿನಲ್ಲಿ ಒಬ್ಬನ ಫೋನಿಗೆ ಹತ್ತು ಜನರ ಕಿವಿ.

ರಾಯ್ಸ್ ತನ್ನ ಅಕ್ಕ ವರ್ನಾಳ ಮನೆಯಲ್ಲಿ ಇಳಿದುಕೊಂಡಿದ್ದ. ಅಮ್ಮನ ಹೋಟೆಲಿನ ಹತ್ತಿರ ಸುಳಿಯಬಾರದೆಂದು ಕೋರ್ಟು ಹೇಳಿದೆ. ಆದರೆ ಎದುರಿನ ಪೆಟ್ರೋಲ್ ಬಂಕಿನಲ್ಲಿ ಟ್ರಕ್ಕು ನಿಲ್ಲಿಸಿಕೊಂಡು ನೋಡುತ್ತಾ ಕೂರಬಾರದೆಂದು ಹೇಳಿಲ್ಲ. ಅಮ್ಮ ಪಿಸ್ತೂಲಿಗೆ ಲೈಸೆನ್ಸ್ ಮಾಡಿಸಿ, ಸ್ವೆಟರಿನೊಳಗೆ ಬಲಸೊಂಟಕ್ಕೆ ಕಟ್ಟಿಕೊಳ್ಳತೊಡಗಿದಳು. ಅಂದಿನಿಂದ ನಮ್ಮಿಬ್ಬರಿಗೂ ಜಗಳ. ನಿನಗೆ ಗೊತ್ತಲ್ಲ, ಲೈಸೆನ್ಸ್ ಇದ್ದವರೂ ಅದನ್ನು ಮರೆಮಾಡಿಯೇ ಇಟ್ಟುಕೊಳ್ಳಬೇಕು ಎನ್ನುವುದು ಈಗಿನ ಕಾನೂನು. ಕಾಣುವಂತೆ ಕಟ್ಟಿಕೊಳ್ಳಲು ಬಿಡುವ ಮಸೂದೆ ರಾಜಧಾನಿಯಲ್ಲಿ ಚರ್ಚೆಗೆ ಬಂದಿದೆ. ಬಂದೂಕು ಸಂತೆಯಲ್ಲಿ ಹಂಚಿದ ಕಿರುಹೊತ್ತಗೆಗಳನ್ನೆಲ್ಲ ನಾನು ಅಡಿಗೆರೆ ಎಳೆದು ಓದಿದ್ದೇನೆ. ಹಕ್ಕು ಎಂದರೆ ಹಗಲಲ್ಲಿ ನಿಲ್ಲಬೇಕು. ಕಳ್ಳ ಬಚ್ಚಿಡಲಿ, ಕಾನೂನಿಗೆ ತಲೆಬಾಗುವವಳು ಯಾಕೆ ಬಚ್ಚಿಡಬೇಕು? ರಾಯ್ಸ್ ಒಂದು ಸಲ ಅಮ್ಮನ ಪಿಸ್ತೂಲನ್ನು ನೋಡಿದರೆ ಆ ಬಂಕಿನ ಕಡೆ ತಲೆಯೂ ಹಾಕುವುದಿಲ್ಲ ಎಂದು ನಾನು. ಅಮ್ಮ ಆಲೂಗಡ್ಡೆ ಹೆಚ್ಚುತ್ತಲೇ, "ನೋಡಿದ್ರೆ ಎಲ್ಲಿದೆ ಅಂತ ಗೊತ್ತಾಗತ್ತೆ ಕಣೇ. ಯಾವಾಗ ಬಿಚ್ಚಿಡ್ತೀನೋ ಅಂತ ಕಾಯ್ತಾನೆ. ಗೊತ್ತಿಲ್ದೆ ಇದ್ರೆ ದಿನಾ ಹೆದರಬೇಕು," ಎಂದಳು.

ಅಗ್ನಿಶಾಮಕ ಠಾಣೆಯಲ್ಲಿ ಊರಿನ ಸಭೆ ಸೇರಿದಾಗ ಅಮ್ಮನ ಪಿಸ್ತೂಲಿನ ಸುದ್ದಿ ಎತ್ತದೆ, ಹಕ್ಕಿನ ಮಾತನ್ನೆಲ್ಲ ನಾನು ನಿಂತು ಹೇಳಿದೆ. ನಿನ್ನ ಫುಟ್‌ಬಾಲ್ ಕೋಚ್ ಹ್ಯಾಸ್ಕೆಲ್ ನನಗೆ ಎದುರಾಳಿ. "ಕೆಲ್ಸಿ ಮರಿ, ಅಂಗಡಿಗೆ ಕಳ್ಳ ನುಗ್ಗಿದ ಅಂತಿಟ್ಕೋ. ಮೊದಲ ಗುಂಡು ಯಾರಿಗೆ? ಸೊಂಟದ ಮೇಲೆ ಬೋರ್ಡು ಹಾಕ್ಕೊಂಡೋರಿಗೇ!" ಎಂದರು. "ಬೋರ್ಡು ಇರೋ ಅಂಗಡಿಗೆ ಕಳ್ಳ ಬರೋದೇ ಇಲ್ಲ ಸರ್," ಎಂದೆ. ಚಪ್ಪಾಳೆ ಬಿತ್ತು. "ನಿಮ್ಮಣ್ಣನ ಕಾಲಿಗಿಂತ ನಿನ್ನ ಬಾಯಿ ಜೋರು," ಎಂದು ಅವರೂ ನಕ್ಕರು. ಅಮ್ಮ ಮಾತ್ರ ಎದ್ದು ಕಾಫಿ ಬಗ್ಗಿಸಲು ಹೋದಳು.

ಅದರ ಮುಂದಿನ ಭಾನುವಾರ ಎಡವಟ್ಟಾಯಿತು. ನಮ್ಮ ಚರ್ಚಿನ ಅಪ್ಪುಗೆ ನಿನಗೆ ಮರೆತಿಲ್ಲವಷ್ಟೆ. ಪಿಸ್ತೂಲು ಇದ್ದವರು ಬಲಗೈಯನ್ನು ಸೊಂಟಕ್ಕೆ ಒತ್ತಿ, ಎಡತೋಳನ್ನಷ್ಟೇ ಚಾಚಿ, ಓರೆಯಾಗಿ ಬಾಗುತ್ತಾರೆ. ಎದುರಿನವರೂ ಏನೂ ಕೇಳದೆ ಎಡಗಡೆಯಿಂದಲೇ ಅಪ್ಪಿಕೊಳ್ಳುತ್ತಾರೆ. ಅಮ್ಮ ಇದಕ್ಕೆ ಹೊಸಬಳು. ಎಂದಿನಂತೆ ಎರಡೂ ತೋಳು ಚಾಚಿಬಿಟ್ಟಳು, ಅದೂ ವರ್ನಾಳಿಗೆ! ವರ್ನಾಳ ಕೈ ನೇರವಾಗಿ ಅದರ ಮೇಲೇ ಬಿತ್ತು. ಅವಳ ಮುಖ ಬಿಳಿಚಿಕೊಂಡಿತು. ಅಲ್ಲಿಂದ ಹೊರಟೇಹೋದಳು. ದಾರಿಯುದ್ದಕ್ಕೂ ನಾನು ಸುಮ್ಮನಿರಲಿಲ್ಲ. ಇಷ್ಟೊಂದು ಅಪ್ಪಿಕೊಳ್ಳುವ ಊರಿನಲ್ಲಿ ಮರೆಮಾಡುವ ಕಾನೂನೇ ಒಂದು ನಗೆಪಾಟಲು ಎಂದು ವಾದಿಸಿದೆ. ಅಮ್ಮ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು, "ಇನ್ನು ಅವ್ನಿಗೆ ಗೊತ್ತಾಯ್ತು ಬಿಡು," ಎಂದಷ್ಟೇ ಹೇಳಿದಳು. ಆ ವಾರ ಅವಳಿಗೆ ಸರಿಯಾಗಿ ನಿದ್ದೆಯಿರಲಿಲ್ಲ.

ಗುರುವಾರ ಮಧ್ಯಾಹ್ನ ಹೋಟೆಲು ಖಾಲಿಯಿದ್ದಾಗ ವರ್ನಾ ಬಂದಳು. ಕೌಂಟರಿನ ಮುಂದೆ ಕೂತು, ಪೆಕನ್ ಪೈ ತರಿಸಿಕೊಂಡು, ಅರ್ಧ ತಿಂದ ಮೇಲೆ ಅಮ್ಮನ ಕಡೆ ತಿರುಗಿ ಬಾಯಿಬಿಟ್ಟಳು. "ವಾಂಡಾ, ಅವ್ನು ಕೇಳ್ದ, ಆ ಹೆಂಗಸಿನ ಹತ್ರ ಏನಾದ್ರೂ ಇದೆಯಾ ಅಂತ. ನಾನಂದೆ, ಈ ಊರಲ್ಲಿ ನಾನು ಅಪ್ಪಿಕೊಳ್ಳದೇ ಇರೋರು ಯಾರಿದಾರೋ? ಒಬ್ಬೊಬ್ಬರ ಸೊಂಟಾನೂ ಕಬ್ಬಿಣ. ಪಾದ್ರಿ ಹೆಂಡ್ತಿ ಒಬ್ಳದು ಮೆತ್ತಗಿದೆ, ಅವ್ಳು ಕೈಚೀಲದಲ್ಲಿ ಇಟ್ಕೋತಾಳೆ ಅಂದೆ." ಅಮ್ಮ ನಕ್ಕು ನಕ್ಕು ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು. ಎಲ್ಲ ಸುಳ್ಳು, ಅಣ್ಣ! ಅಮ್ಮ, ಕೋಚು, ಗೋಧಿ ಬೆಳೆಯುವ ಇಬ್ಬರು ಮುದುಕರು, ಕಟ್ಟಿಕೊಳ್ಳುವವರು ಇಷ್ಟೇ ಜನ. ಪಾದ್ರಿಯ ಹೆಂಡತಿಯ ಕೈಚೀಲದಲ್ಲಿರುವುದು ಪೆಪ್ಪರ್‌ಮಿಂಟು. ಆದರೂ ರಾಯ್ಸ್ ಶನಿವಾರ ಟ್ರಕ್ಕಿಗೆ ಸಾಮಾನು ತುಂಬಿ ಊರು ಬಿಟ್ಟ. "ಎಲ್ಲರೂ ಕಾಣೋ ಹಾಗೆ ಕಟ್ಕೊಂಡಿದ್ರೆ ಎಷ್ಟು ಜನ ಅಂತ ಅವ್ನು ಎಣಿಸಿಬಿಡ್ತಿದ್ದ," ಎಂದಳು ಅಮ್ಮ.

ಅದಕ್ಕೆ ಉತ್ತರ ನನಗೀಗ ಹೊಳೆದಿದೆ. ಬುಧವಾರ ರಾಜಧಾನಿಯಲ್ಲಿ ಸಮಿತಿಯ ಮುಂದೆ ಮಾತಾಡಲಿದ್ದೇನೆ. ಕಾಣಿಸುವವರಿಗೆ ಕಾಣಿಸುವ ಹಕ್ಕು, ಮುಚ್ಚಿಡುವವರಿಗೆ ಮುಚ್ಚಿಡುವ ಹಕ್ಕು, ಆಯ್ಕೆ ಮಾತ್ರ ಕಟ್ಟಿಕೊಂಡವರದ್ದು, ಸರ್ಕಾರದ್ದಲ್ಲ ಎನ್ನುತ್ತೇನೆ. ಮಸೂದೆ ಗೆದ್ದೇ ಗೆಲ್ಲುತ್ತದೆ, ನೋಡುತ್ತಿರು. ಕಾರಿನಲ್ಲಿ ಕರೆದೊಯ್ಯುವವರು ಕೋಚ್ ಹ್ಯಾಸ್ಕೆಲ್ಲೇ. ನನ್ನ ವಿರುದ್ಧ ಮಾತಾಡಲು ಅವರೂ ಹೆಸರು ಕೊಟ್ಟಿದ್ದಾರೆ. ನನ್ನ ಬಿಳಿ ಅಂಗಿಗೆ ಅಮ್ಮ ಇಸ್ತ್ರಿ ಹಾಕುತ್ತಿದ್ದಾಳೆ. ನೀನು ಹೊಟ್ಟೆ ತುಂಬ ಉಣ್ಣಬೇಕಂತೆ, ಭಾನುವಾರ ಫೋನು ಮಾಡಬೇಕಂತೆ. ದೇವರು ನಿನ್ನನ್ನು ಆ ಯಂತ್ರಗಳ ನಡುವೆ ಕಾಯಲಿ.

ನಿನ್ನ ಬಾಯಿಬಡುಕಿ ತಂಗಿ,
ಕೆಲ್ಸಿ

ತಾ.ಕ.: ಅಂಚೆಯವಳು ಬಾಗಿಲಲ್ಲೇ ನಿಂತಿದ್ದಾಳೆ, ಗಮನವಿಟ್ಟು ಓದು. ರಾಯ್ಸ್ ಹೊರಟಿರುವುದು ನಿನ್ನ ಕಡೆಗೇ, ತೈಲಬಾವಿಯ ಕೆಲಸಕ್ಕೆಂದು ಈಗಷ್ಟೇ ವರ್ನಾ ಹೇಳಿಹೋದಳು. ಬಿಯರ್ ಕುಡಿಸಿ, ಹಳೆಯದನ್ನು ಮರೆತವನಂತೆ ಅಮ್ಮನ ವಿಷಯ ತೆಗೆಯುತ್ತಾನೆ. ದಯವಿಟ್ಟು ಕೈ ಎತ್ತಬೇಡ. ಅಮ್ಮನ ಹತ್ತಿರ ಇದೆ ಎಂದೂ ಹೇಳಬೇಡ, ಇಲ್ಲ ಎಂದೂ ಹೇಳಬೇಡ. ನಮ್ಮೂರಲ್ಲಿ ಯಾರ ಹತ್ತಿರ ತಾನೇ ಇಲ್ಲ ಹೇಳು ಎಂದು ನಕ್ಕುಬಿಡು. ರಾಜಧಾನಿಯಲ್ಲಿ ನಾನು ಏನೇ ಕೂಗಿದರೂ ಅಮ್ಮನದು ಅವಳ ಸ್ವೆಟರಿನೊಳಗೇ ಇರಲಿ. ಓದಿದ ಕೂಡಲೇ ಈ ಕಾಗದ ಸುಟ್ಟುಬಿಡು.