ಹುಳ ಇರುವ ಮನೆಯ ಬಾಗಿಲು

ಕೊಳ್ಳೇಗಾಲ, ೪ ಫೆಬ್ರವರಿ ೧೯೫೧
ಬೆಳಗ್ಗೆಯೇ ಹಿಪ್ಪುನೇರಳೆ ಸೊಪ್ಪು ಕುಯ್ದು ತಂದೆ. ಪಕ್ಕದ ಮನೆ ಕೆಂಪಾಜಕ್ಕನ ರೇಷ್ಮೆಹುಳಕ್ಕೆ. ನಮ್ಮ ಮನೆ ಸುಟ್ಟು ಇವತ್ತಿಗೆ ಐವತ್ತು ದಿನ. ಅವತ್ತಿಂದ ನಾನು, ಹೆಂಡತಿ ಚನ್ನಮಲ್ಲಮ್ಮ ಅಕ್ಕನ ಮನೆಯಲ್ಲೇ. ಬಾಡಿಗೆ ಮಾತೆತ್ತಿದರೆ ಬೈತಾರೆ. ಪುಣ್ಯಾತ್ಗಿತ್ತಿ.
ಇನ್ಶೂರೆನ್ಸ್ ಸರ್ವೇಯರ್ ಬಂದು ನೋಡೋ ತನಕ ಸುಟ್ಟ ಜಾಗದಲ್ಲಿ ಒಂದು ಇಟ್ಟಿಗೆ ಅಲ್ಲಾಡಿಸಬಾರದಂತೆ. ಮಗಳು ಶಿವರತ್ನ ಅಗರದ ಗಂಡನ ಮನೆಯಲ್ಲಿ ಏಳು ತಿಂಗಳ ಬಸುರಿ. ಚೊಚ್ಚಲು. ಹೆರಿಗೆಗೆ ಕರೆತರಬೇಕು — ಎಲ್ಲಿಗೆ?

೧೩ ಫೆಬ್ರವರಿ
ಕೊಯಮತ್ತೂರಿನ ಇನ್ಶೂರೆನ್ಸ್ ಕಂಪನಿಯಿಂದ ಕಾಗದ. ಸರ್ವೇಯರ್ ಹೋದ ತಿಂಗಳೇ ಬಂದಿದ್ದರಂತೆ. ನಾವಿಲ್ಲದಾಗ ಈ ಮನೆ ಬಾಗಿಲಿಂದಲೇ ಯಾರೋ ಕಳಿಸಿಬಿಟ್ಟರಂತೆ. ಕ್ಲೇಮ್ ಪೆಂಡಿಂಗ್. ಥೂ!
"ನಾನೇ ಕಣಪ್ಪ ಸಿದ್ದಪ್ಪ," ಅಂದರು ಕೆಂಪಾಜಕ್ಕ. "ಹುಳ ಪೊರೆ ಬುಡಕೆ ನಾಕ್ನೇ ಜ್ವರಕ್ಕೆ ಕುಂತಿದ್ವು. ಯಾವನೋ ಬೂಟ್ಸಿನೋನು, ಮೈಯೆಲ್ಲಾ ಸೆಂಟು... ಹುಳ ಇರೋ ಮನೆಗೆ ಒರಗ್ನೋರ್ನ ಬುಡಕಾದದಾ? ಓಗು ಅಂದ್ಬುಟ್ಟೆ."
ಕೋಪ ನೆತ್ತಿಗೇರಿತು. ಉಣ್ಣದೆ ಎದ್ದೆ. ನಾನಾಗಿದ್ದರೂ ಹಾಗೇ ಅಂತಿದ್ದೆ — ಅದೇ ಇನ್ನೂ ಉರಿ.

೬ ಮಾರ್ಚ್, ಮಧ್ಯಾಹ್ನ
ಸರ್ವೇಯರ್ ಮತ್ತೆ ಬಂದರು. ಒಳ್ಳೆ ಮನುಷ್ಯ. ಅಕ್ಕನ್ನ ನೋಡಿ ನಕ್ಕು ಬೀದಿಯಲ್ಲೇ ನಿಂತರು. ಬೆಂಕಿ ಬಿದ್ದ ದಿನಕ್ಕೆ ಸಾಕ್ಷಿ ಯಾರು ಅಂತ ಕೇಳಿದರು.
"ನಾನು ಸಾ," ಅಂದರು ಅಕ್ಕ. "ಧನುರ್ಮಾಸ ಉಟ್ಟಿದ ದಿನ, ಸಾಯಂಕಾಲ. ಇವ್ರಿಬ್ರೂ ಒಗೆ ವಾಸ್ನೆ ಒತ್ಕಂಡು ಬಂದ್ರು. ಒಳಿಕ್ ಕರ್ಕಂಡೆ. ಮೂರ್ನೇ ದಿನ್ಕೆ ನನ್ ಹುಳೆಲ್ಲಾ ಸತ್ವು. ತಿಪ್ಪೆಗ್ ಸುರಿದೆ. ಮರ್ತೋದದಾ?"
ಹುಳ ಸತ್ತಿದ್ದಕ್ಕೆ ಆಗ ನನಗೆ 'ಮೊಟ್ಟೆನೇ ಸರಿಯಿರ್ಲಿಲ್ಲ' ಅಂದಿದ್ದರು. ಮನೆ ಸುಟ್ಟ ಗಾಬರಿ, ನಂಬಿಬಿಟ್ಟಿದ್ದೆ. ಇಂಥವರ ಮೇಲೆ ಮುನಿಸಿಕೊಂಡು ಊಟ ಬಿಟ್ಟೆನಲ್ಲ... ಎಂಥ ಮುಟ್ಠಾಳ ನಾನು. ಸಂಜೆ ಅಕ್ಕನ ಕಾಲಿಗೆ ಬೀಳಲು ಹೋದೆ. "ಎದ್ದೇಳು, ಸೊಪ್ಪು ಕುಯ್ಕಂಡ್ ಬಾ ಓಗು," ಅಂದರು.

೨೯ ಮಾರ್ಚ್
ಸುಟ್ಟ ತೊಲೆ ತೆಗೆದಾಯ್ತು, ಮುಂದೆ ಒಂದು ಚಪ್ಪರವೂ ಹಾಕಿದೆ. ಹಣ ಮಾತ್ರ ಇಲ್ಲ — 'ಅಂಡರ್ ಕನ್ಸಿಡರೇಶನ್'. ಶಿವರತ್ನನ್ನ ಕರೆತಂದೆವು. ಹುಳ ಇರೋ ಮನೆಯಲ್ಲಿ ಹೆರಿಗೆ ಮಾಡಿಸೋ ಹಾಗಿಲ್ಲ, ಹೆರಿಗೆ ಸೂತಕ, ಪುರುಡು, ಹುಳಕ್ಕೆ ಆಗದು. ಮಧುವನಹಳ್ಳಿಯಲ್ಲಿ ಷಡ್ಡಕನ ಮನೆ ಕೇಳಿದ್ದೇನೆ. ಬುಧವಾರಕ್ಕೆ ಗಾಡಿ ಗೊತ್ತು ಮಾಡಿದೆ.

೨ ಏಪ್ರಿಲ್, ಸೋಮವಾರ
ಇವತ್ತೇ ನೋವು ಶುರು. ಹುಳ ಹಣ್ಣಾಗಿ ಗೂಡು ಕಟ್ಟೋಕೆ ನಿಂತಿವೆ. ಈಗ ಕೆಟ್ಟರೆ ಬೆಳೆಯೇ ಹೋಯ್ತು. ಮಗಳನ್ನ ಸುಟ್ಟ ಮನೆ ಮುಂದಿನ ಚಪ್ಪರಕ್ಕೆ ನಡೆಸಿದೆ. ಕೆಂಪಾಜಕ್ಕ ಓಡಿಬಂದು ಅಡ್ಡ ನಿಂತರು.
"ಬುದ್ಧಿ ಐತಾ ನಿಂಗೆ? ಒಳಿಕ್ ಕರ್ಕಂಡ್ ಬಾ!"
"ಅಕ್ಕ, ಹುಳ..."
"ಹುಳ ಇನ್ನೊಂದ್ ಬೆಳೆ ಸಾಕಬೌದು ಕಣಪ್ಪ."
ಮಗಳ ಕೈ ಹಿಡಿದು ಒಳಗೆ ಕರಕೊಂಡು ಹೋದರು. ಚನ್ನಮಲ್ಲಮ್ಮ ಬಾಯಿಗೆ ಸೆರಗು ಹಿಡಿದು ಅತ್ತಳು. ನಾನೂ ಅತ್ತೆ, ನಾಚಿಕೆಯೇನು.
ಜಗಲಿ ಮೇಲೆ ಕೂತು ಬರೀತಾ ಇದೀನಿ. ಪೋಸ್ಟಿನವನು ಕಂಪನಿ ಕವರು ಕೊಟ್ಟು ಹೋದ. ಒಡೆದಿಲ್ಲ. ಏನೇ ಇರಲಿ, ಆಮೇಲೆ ನೋಡಿದರಾಯ್ತು.
ಮಗು ಅತ್ತಿತು! ಕೆಂಪಾಜಕ್ಕ ಕೂಗ್ತಾ ಇದಾರೆ — "ಸಿದ್ದಪ್ಪಾ, ಕಾಲ್ ತೊಳ್ಕಂಡು ಒಳಿಕ್ ಬಾ!"