ದರ್ಜಿಯ ಅಂಗಡಿಯ ಬಲ್ಬು

ಮಾರ್ಚ್ ೧೪, ಸಂಜೆ. ಮಧ್ಯಾಹ್ನದಿಂದ ನಮ್ಮ ಬೀದಿಗೂ ಹಿಂದಿನ ಬೀದಿಗೂ ಕರೆಂಟಿಲ್ಲ.

ಪ್ರೀತಿಯ ತಮ್ಮಾ,

ನೀನು ಲೈನ್ ರಿಪೇರಿಗೆ ಹತ್ತಿದ ಕಂಬದ ಮೇಲೆ ಸತ್ತದ್ದಕ್ಕೆ ಹಿಂದಿನ ಬೀದಿಯ ದರ್ಜಿಯನ್ನು ಹಿಡಿದಿದ್ದಾರೆ. ನೀನು ಫ್ಯೂಸ್ ತೆಗೆದ ಮೇಲೂ ತಂತಿಯಲ್ಲಿ ಕರೆಂಟಿತ್ತು. ಆ ಲೈನಿನಲ್ಲಿ ಸೋಲಾರ್ ಇರುವುದು ಅವನೊಬ್ಬನ ಮನೆಯಲ್ಲಿ ಎಂದು ಊರಿನ ವಿದ್ಯುತ್ ಮಂಡಳಿ ತನ್ನ ಹಳೆಯ ಪಟ್ಟಿ ನೋಡಿ ಹೇಳಿತು. ಪ್ಯಾನೆಲನ್ನೂ ಕಿತ್ತುಕೊಂಡು ಹೋದರು. ಕರೆಂಟಿನ ಅಧಿಕಾರ ರಾಜಧಾನಿಯಿಂದ ಊರಿನ ಮಂಡಳಿಗೆ ಬಂದಾಗ ನೀನು ನಕ್ಕಿದ್ದೆ: "ಇನ್ಮೇಲೆ ಬೈಯೋಕೆ ಅಷ್ಟು ದೂರ ಹೋಗೋದು ಬೇಡ ಅಕ್ಕಾ, ಪಕ್ಕದ್ಮನೆಯವ್ರೇ ಸಿಗ್ತಾರೆ."

ನೀನು ಹೊಲಿಯಲು ಕೊಟ್ಟಿದ್ದ ಶರ್ಟು ತರಲು ಇವತ್ತು ಅಂಗಡಿಗೆ ಹೋಗಿದ್ದೆ. ದರ್ಜಿಯ ಹೆಂಡತಿ ತಲೆಯೆತ್ತದೆ ಕೊಟ್ಟಳು. ಪ್ಯಾನೆಲ್ ಇಲ್ಲ, ಬೀದಿಗೆ ಕರೆಂಟಿಲ್ಲ. ಆದರೂ ಹೊಲಿಗೆ ಯಂತ್ರದ ಮೇಲೆ ಬಲ್ಬು ಮಂಕಾಗಿ ಉರಿಯುತ್ತಿತ್ತು.

ಮನೆಗೆ ಬಂದು ನಮ್ಮ ಮೇನ್ ಸ್ವಿಚ್ ಇಳಿಸಿ ಹಿತ್ತಲಿನಿಂದ ನೋಡಿದೆ. ದರ್ಜಿ ಅಂಗಡಿಯ ಕಿಟಕಿ ಕತ್ತಲಾಗಿತ್ತು. ಸ್ವಿಚ್ ಮೇಲೆತ್ತಿದೆ, ಬಲ್ಬು ಬಂತು. ಮತ್ತೆ ಇಳಿಸಿ ಹಾಗೇ ಬಿಟ್ಟಿದ್ದೇನೆ.

ಕರೆಂಟು ಹೋದಾಗಲೆಲ್ಲ ಅಮ್ಮ ಮಂಡಿನೋವಿನಲ್ಲಿ ಎದ್ದು ಸೋಲಾರ್ ಸ್ವಿಚ್ ತಿರುಗಿಸಬೇಕಿತ್ತು. ನೀನು ಅದನ್ನು ಕಿತ್ತು ತಂತಿಗಳನ್ನು ನೇರ ಸೇರಿಸಿದೆ. ಅಂದಿನಿಂದ ಮೇನ್ ಇಳಿಸದಿದ್ದರೆ ನಮ್ಮ ಸೋಲಾರ್ ಕರೆಂಟು ಬೀದಿಯ ತಂತಿಗೂ ಹರಿಯುತ್ತಿತ್ತು. ನಮ್ಮ ಲೈನಿನ ಕಂಬ ಹತ್ತುವ ಮುಂಚೆ ತಪ್ಪದೆ ಫೋನ್ ಮಾಡುತ್ತಿದ್ದೆ: "ಅಮ್ಮಾ, ಮೇನ್ ಇಳ್ಸು, ನಿನ್ ಮಗ ಮೇಲೆ ಹತ್ಬೇಕು." ಆ ದಿನ ಮಾಡಲಿಲ್ಲ. ಅದು ನಮ್ಮ ಲೈನಲ್ಲ ಎಂದು ನೀನು ಅಂದುಕೊಂಡಿದ್ದೆ. ನೀನು ರಜೆಯಲ್ಲಿದ್ದ ವಾರ ಮಂಡಳಿಯವರು ಬಂದು ನಮ್ಮ ಮನೆಯ ತಂತಿಯನ್ನು ಹಿಂದಿನ ಲೈನಿಗೆ ಹಾಕಿದ್ದರು. ಈ ಕಡೆ ಲೋಡು ಜಾಸ್ತಿ ಅಂದರಂತೆ. ಅವರಿಗೆ ಕುಡಿಯಲು ನೀರು ಕೊಟ್ಟಿದ್ದು ಅಮ್ಮ. ನಿನಗೆ ಯಾರೂ ಹೇಳಲಿಲ್ಲ.

ಅಮ್ಮ ಈಗ ನಿನ್ನ ಸೋಲಾರ್ ದೀಪದ ಕೆಳಗೆ ಕೂತು ಆ ಶರ್ಟಿಗೆ ಗುಂಡಿ ಹಾಕುತ್ತಿದ್ದಾಳೆ. ಯಾರಿಗೆ ಎಂದು ನಾನು ಕೇಳಲಿಲ್ಲ. ದಾರ ಕಚ್ಚುವಾಗಲೆಲ್ಲ ದರ್ಜಿಗೆ ಅದೇ ಶಾಪ: "ಅವ್ನ ಮನೇಲಿ ದೀಪ ಉರೀದೆ ಹೋಗ್ಲಿ."

ನಾನು ಸುಮ್ಮನಿದ್ದರೆ ದರ್ಜಿ ಜೈಲಿನಲ್ಲಿ ಕೊಳೆಯುತ್ತಾನೆ. ಬಾಯಿ ಬಿಟ್ಟರೆ, ತಾನು ಕೂತಿರುವ ಬೆಳಕಿನ ಕರೆಂಟೇ ನಿನ್ನ ಕೈಗೆ ಬಂದದ್ದು ಎಂದು ಅಮ್ಮನಿಗೆ ಗೊತ್ತಾಗುತ್ತದೆ. ಮಂಡಳಿಯವರ ಬಾಯಿಂದ ಅವಳು ಅದನ್ನು ಕೇಳಬಾರದು. ನಾಳೆ ಬೆಳಿಗ್ಗೆ ಮೊದಲು ಅವಳಿಗೆ ಹೇಳುತ್ತೇನೆ, ಆಮೇಲೆ ಠಾಣೆಗೆ ಹೋಗುತ್ತೇನೆ. ಈಗಲ್ಲ. ಇನ್ನೂ ಎರಡು ಗುಂಡಿ ಬಾಕಿ ಇವೆ.

ನೀನಿರುವಲ್ಲಿ ಹತ್ತಬೇಕಾದ ಕಂಬಗಳು ಇಲ್ಲದಿರಲಿ.

ನಿನ್ನ ಅಕ್ಕ