ಸಹಿ ಹಾಕದ ದೂರು

ಹನ್ನೊಂದನೆಯ ತಿಂಗಳು, ಆರನೇ ತಾರೀಖು
ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಮ್ಮನ ಆಶೀರ್ವಾದ. ಉತ್ತರ ಬರೆಯಲು ಇಷ್ಟು ದಿನ ತಡಮಾಡಿದೆನೆಂದು ಮುನಿಸಿಕೊಂಡಿದ್ದೀಯ, ಗೊತ್ತು. ಅಂಚೆಗೆ ಹಾಕಿದರೆ ಮೂರು ಜನ ಓದಿ, ಮುದ್ರೆ ಒತ್ತಿ, ಆಮೇಲೆ ನಿನ್ನ ಕೈಗೆ ಬರುತ್ತದೆ. ಅಂಥ ಕಾಗದದಲ್ಲಿ ‘ನಾನು ಕ್ಷೇಮ’ ಅನ್ನುವುದರ ಆಚೆ ಏನು ಬರೆಯಲಿ? ಕೈಯಲ್ಲಿ ಒಯ್ಯುವವರು ಸಿಗಲಿ ಎಂದು ಕಾದೆ. ಈಗ ಸಿಕ್ಕಿದ್ದಾರೆ.

ತಂದವಳು ಈಗ ನಿನ್ನ ಬಾಗಿಲಲ್ಲೇ ನಿಂತಿರಬೇಕು. ಹೌದು ಕಣೇ, ನಮ್ಮ ಕೆಳಮನೆಯ ಟೈಲರಕ್ಕನೇ. ದಡಾರನೆ ಬಾಗಿಲು ಹಾಕಬೇಡ. ಒಳಗೆ ಕರೆದು ಕೂರಿಸು, ಕುಡಿಯಲು ಬಿಸಿಯಾಗಿ ಏನಾದರೂ ಕೊಡು, ಆಮೇಲೆ ಓದು. ನಿಮ್ಮ ಊರಿನ ಅಧಿಕಾರಿಗಳ ಸಮವಸ್ತ್ರಕ್ಕೆ ಅಳತೆ ತೆಗೆಯಲು ಅವಳಿಗೆ ಎಂಟು ದಿನದ ಪ್ರಯಾಣದ ಪರವಾನಗಿ ಸಿಕ್ಕಿದೆ. ಈ ಕಂದು ಕಾಗದವೂ ಅವಳದೇ, ಬಟ್ಟೆ ಕತ್ತರಿಸುವ ಮೊದಲು ಗುರುತು ಹಾಕುವಂಥದು. ತನ್ನ ಕೋಟಿನ ಅಸ್ತರಿನೊಳಗೆ ಇಟ್ಟು ಹೊಲಿದುಕೊಂಡು ಬರುತ್ತೇನೆ ಎಂದಿದ್ದಾಳೆ. ಸಿಕ್ಕಿಬಿದ್ದರೆ ಅವಳ ಗತಿ ಏನು ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಅವಳಿಗೆ ಓದು ಬಾರದು. ಏನು ಹೊತ್ತು ತಂದಿದ್ದಾಳೆ ಎಂಬುದು ಅವಳಿಗೇ ಗೊತ್ತಿಲ್ಲ.

ಇಲ್ಲಿಯ ಸಮಾಚಾರ. ಮೆಟ್ಟಿಲಿನ ದೀಪ ಕೆಟ್ಟು ಹದಿನೈದು ದಿನವಾಯಿತು. ದುರಸ್ತಿಗೆ ಅರ್ಜಿ ಕೊಡಲು ಹೋದರೆ, ‘ಕತ್ತಲಲ್ಲಿ ನೀವು ಎಲ್ಲಿಗೆ ಹೋಗ್ತೀರಿ?’ ಎಂದು ಕೇಳುತ್ತಾರೆ. ಅರ್ಜಿ ಕೊಡಲಿಲ್ಲ, ಗೋಡೆ ಸವರಿಕೊಂಡು ಹತ್ತುತ್ತೇನೆ. ಲಾಂಡ್ರಿಯಲ್ಲಿ ನನ್ನನ್ನು ಇಸ್ತ್ರಿಯಿಂದ ತೆಗೆದು ಒಗೆಯುವ ಕಡೆಗೆ ಹಾಕಿದ್ದಾರೆ, ಶಿಬಿರಕ್ಕೆ ಹೋದವನ ಹೆಂಡತಿ ಎಂದು. ಕೈ ಬಿರಿದಿದೆ. ಆದರೆ ಅಲ್ಲಿ ನೀರಿನ ಸದ್ದು ಜೋರು, ಹೆಂಗಸರು ಏನು ಮಾತಾಡಿದರೂ ಹೊರಗೆ ಕೇಳಿಸುವುದಿಲ್ಲ. ದೇವರು ಒಂದು ಕಿತ್ತುಕೊಂಡರೆ ಇನ್ನೊಂದು ಕೊಡುತ್ತಾನೆ.

ಈ ವರ್ಷದ ಹೊಸ ಕಾನೂನು ನಿಮ್ಮ ಆಸ್ಪತ್ರೆಯ ವಸತಿಗೆ ಬಂದಿದೆಯೋ ಇಲ್ಲವೋ ತಿಳಿಯದು. ಇಲ್ಲಿ ಮನಸ್ಸಿನೊಳಗೆ ಪ್ರಾರ್ಥನೆ ಮಾಡುವ ಹಾಗಿಲ್ಲ, ಬಾಯಿಬಿಟ್ಟೇ ಮಾಡಬೇಕು. ಸಂಜೆ ಆರು ಗಂಟೆಗೆ ‘ಕೇಳುವವಳು’ ಎಂದು ಒಬ್ಬಳು ಪುಸ್ತಕ, ಪೆನ್ಸಿಲ್ ಹಿಡಿದು ಮನೆಮನೆಗೂ ಬರುತ್ತಾಳೆ. ನನ್ನದೇ ವಯಸ್ಸು, ಪಾಪ, ಮಂಡಿನೋವು ಬೇರೆ. ಸ್ಟೂಲ್ ಹಾಕಿಕೊಡುತ್ತೇವೆ. ಎಲ್ಲರೂ ನಾಲ್ಕು ಸಾಲು ಬಾಯಿಪಾಠ ಮಾಡಿಕೊಂಡು ಒಪ್ಪಿಸುತ್ತಾರೆ. ಟೈಲರಕ್ಕನದು ದಿನಾ ಒಂದೇ: ‘ದೇವರೇ, ದಾರ ತುಂಡಾಗದಿರಲಿ.’

‘ಇಷ್ಟೇನಾ?’ ಎಂದು ಕೇಳುವವಳು ಒಮ್ಮೆ ಗದರಿದಳಂತೆ.

‘ಇನ್ನೇನ್ ಕೇಳ್ಲಿ ತಾಯಿ? ದಾರ ನೆಟ್ಟಗಿದ್ರೆ ಸರ್ಕಾರದ ಪ್ಯಾಂಟೂ ನೆಟ್ಟಗಿರುತ್ತೆ’ ಎಂದಳಂತೆ ಇವಳು.

ನನಗೆ ಮಾತ್ರ ಆ ಬಾಯಿಪಾಠ ಆಗಿಬರಲಿಲ್ಲ. ಹಳ್ಳಿಯ ಶಾಲೆಯಲ್ಲಿ ನಾಲ್ಕಕ್ಷರ ಕಲಿತವಳು ನಾನು. ದೇವರೆದುರು ನಾಲಿಗೆಯಲ್ಲೊಂದು, ಹೊಟ್ಟೆಯಲ್ಲೊಂದು ಇಟ್ಟುಕೊಳ್ಳುವುದನ್ನು ಅಲ್ಲಿ ಕಲಿಸಲಿಲ್ಲ. ಕಣ್ಣು ಮುಚ್ಚಿದರೆ ಎದುರಿಗಿರುವವರು ಮರೆತೇ ಹೋಗುತ್ತಾರೆ. ಕೇಳುವವಳ ಮಂಡಿನೋವು ವಾಸಿಯಾಗಲಿ ಎಂದೂ ಬೇಡಿದ್ದೇನೆ. ಅವಳು ಅದನ್ನೂ ಬರೆದುಕೊಂಡಳು.

ಈಗ ನೀನು ವಾಸಿಯಾಗಿ ಊರಿಗೆ ಮರಳಿದ ರೋಗಿಯೊಬ್ಬರ ಕೈಯಲ್ಲಿ ಗುಟ್ಟಾಗಿ ಕಳಿಸಿದ ಫಾರಂ ವಿಷಯ. ನಾಲ್ಕು ಸಲ ಓದಿದೆ. ‘ರೈಲು ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿದ್ದ ನನ್ನ ಗಂಡ ಅನುಮತಿ ಚೀಟಿ ಇಲ್ಲದ ಹೆಂಗಸಿಗೆ ಟಿಕೆಟ್ ಕೊಟ್ಟದ್ದು ಕೆಳಮನೆಯ ಟೈಲರಳ ಒತ್ತಾಯದಿಂದ’ ಎಂದು ನೀನೇ ತುಂಬಿದ್ದೀಯ. ನನ್ನ ಸಹಿ ಒಂದು ಬಿದ್ದರೆ ಅಪ್ಪನ ಆರು ವರ್ಷ ಮೂರಾಗುತ್ತದೆ ಎಂದಿದ್ದೀಯ. ‘ಅಪ್ಪನನ್ನು ಹಿಡಿದುಕೊಟ್ಟವಳು ಅವಳೇ, ಅವಳ ಮೇಲೆ ನಿನಗೇಕೆ ಕರುಣೆ? ಸುಳ್ಳೇ ಇರಲಿ, ಅವಳು ಮಾಡಿದ್ದಕ್ಕೆ ತಕ್ಕ ಮುಯ್ಯಿ’ ಎಂದೂ ಬರೆದಿದ್ದೀಯ.

ಮಗಳೇ, ಮೂರು ವರ್ಷ ಅಂದರೆ ಎಷ್ಟು ಎಂದು ನನಗೂ ಗೊತ್ತು. ಶಿಬಿರದಲ್ಲಿ ಕಲ್ಲು ಹೊತ್ತು ನಿಮ್ಮಪ್ಪನ ಎಡಭುಜ ಇಳಿದುಹೋಗಿದೆ. ಹೋದ ತಿಂಗಳು ಹತ್ತು ನಿಮಿಷ ನೋಡಲು ಬಿಟ್ಟರು. ನಡುವೆ ಜಾಲರಿ. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದರು. ಸರಿಮಾಡೋಣ ಎಂದರೆ ಆ ಜಾಲರಿಯಲ್ಲಿ ನನ್ನ ಬೆರಳೂ ತೂರಲಿಲ್ಲ. ‘ನೀನೇನ್ ಅಳೋದು? ಇಲ್ಲಿ ನನಗೆ ಚಿಲ್ಲರೆ ಕೊಡೋ ತಾಪತ್ರಯ ಇಲ್ಲ’ ಎಂದು ನಗಿಸಲು ನೋಡಿದರು.

ಆದರೂ ಫಾರಂ ಇದರ ಜೊತೆಗೇ ಹಿಂದಕ್ಕೆ ಕಳಿಸುತ್ತಿದ್ದೇನೆ. ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಒಲೆಗೆ ಹಾಕಿ ಸುಡು. ಟೈಲರಕ್ಕ ಬಾಯಿಬಡುಕಿ, ನಿಜ. ಅವಳ ಮಿಷನ್ ಸದ್ದಿಗೆ ನಿಮ್ಮಪ್ಪ ಕೂಗಾಡಿದಾಗ, ‘ರೈಲಿನ ಸದ್ದಲ್ಲಿ ಗೊರಕೆ ಹೊಡೀತಾರೆ, ನನ್ನ ಸೂಜಿ ಸದ್ದಿಗೆ ಎಚ್ಚರ ಆಗುತ್ತಾ?’ ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಅಂದವಳು. ಅಪ್ಪನನ್ನು ಕರೆದೊಯ್ದ ಹಿಂದಿನ ದಿನ ಅವಳು ವಾರ್ಡಿನ ಕಚೇರಿಗೆ ಹೋಗಿದ್ದೂ ನಿಜ. ಆದರೆ ಹೋಗಿದ್ದು ಪರದೆಗೆ ಅಳತೆ ತೆಗೆಯಲು. ಆ ಹಸಿರು ಪರದೆ ಈಗಲೂ ಅಲ್ಲಿ ತೂಗಾಡುತ್ತಿದೆ, ನಾನೇ ನೋಡಿದ್ದೇನೆ. ನಮ್ಮ ಮೆಟ್ಟಿಲಿನ ಮನೆಗಳವರೆಲ್ಲ ಈಗ ಅವಳನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ. ನನ್ನನ್ನು ಮಾತ್ರ ಅವಳು ಬಿಟ್ಟಿಲ್ಲ. ಕೈ ಬಿರಿದದ್ದು ನೋಡಿ, ಮಿಷನ್ನಿಗೆ ಬಿಡುವ ಎಣ್ಣೆಯನ್ನೇ ತಂದು ಸವರಿದಳು. ‘ವಾಸನೆ ಬಂದ್ರೆ ಬರ್ಲಿ, ತುಕ್ಕಂತೂ ಹಿಡಿಯಲ್ಲ ಬಿಡು’ ಎಂದಳು.

ಅವಳು ಹಿಡಿದುಕೊಟ್ಟಿಲ್ಲ. ಹೇಗೆ ಗೊತ್ತು ಎಂದು ಕೇಳಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸರದಿ ಮುಗಿದ ಮೇಲೂ ರೋಗಿಗಳ ಹಾಸಿಗೆ ಬದಿಯಲ್ಲಿ ಕೂರುತ್ತೀಯಂತೆ, ಒಳ್ಳೆಯದು, ಆದರೆ ನಿನ್ನ ಸೊಂಟವನ್ನೂ ನೋಡಿಕೋ. ಯಾರ ಮೇಲೂ ಹಗೆ ಇಟ್ಟುಕೊಂಡು ಮಲಗಬೇಡ. ದೇವರು ನಿನ್ನನ್ನು ಕಣ್ಣರೆಪ್ಪೆಯ ಹಾಗೆ ಕಾಯಲಿ, ನೂರು ಕಾಲ ಬಾಳು.

ನಿನ್ನ
ಅಮ್ಮ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಡಿಸಿದ್ದೇನೆ. ಕೇಳಬೇಡ ಅಂದರೆ ನೀನು ಕೇಳದೆ ಬಿಡುವವಳಲ್ಲ.

ಆ ಟಿಕೆಟ್ ಕೊಟ್ಟ ದಿನ ಊಟಕ್ಕೆ ಕೂತಾಗ ನಿಮ್ಮಪ್ಪ ಹೇಳಿದರು: ‘ಒಬ್ಬಳು ತುಂಬುಬಸುರಿ ಕಣೇ, ಕಿಟಕಿ ಹಿಡ್ಕೊಂಡು ನಿಂತಿದ್ಳು. ಚೀಟಿ ಇರ್ಲಿಲ್ಲ. ತವರಿಗೆ ಹೋಗ್ಬೇಕು ಅಂದ್ಳು. ಕೊಟ್ಟುಬಿಟ್ಟೆ.’ ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ, ಮರುದಿನ ಸಂಜೆ ಪ್ರಾರ್ಥನೆಗೆ ನಿಂತಾಗ ಬೇರೇನೂ ಬಾಯಿಗೆ ಬರಲಿಲ್ಲ. ‘ದೇವರೇ, ನಮ್ಮವರು ಚೀಟಿ ಇಲ್ಲದೆ ಗಾಡಿ ಹತ್ತಿಸಿದ ಆ ಬಸುರಿಯನ್ನ ಸುಖವಾಗಿ ಮುಟ್ಟಿಸು. ದಾರಿಯಲ್ಲೇ ನೋವು ಶುರುವಾಗದಿರಲಿ’ ಎಂದು ಬೇಡಿದೆ. ಕೇಳುವವಳು, ‘ಯಾವ ಗಾಡಿ ಅಮ್ಮ?’ ಎಂದಳು. ನಾನು ಕಣ್ಣು ಮುಚ್ಚಿಕೊಂಡೇ, ‘ನಿನ್ನೆ ಬೆಳಗಿನದು’ ಎಂದೆ. ಆ ಬಸುರಿಗಾಗಿ ಅವಳ ಜೀವವೂ ಮರುಗಿತು ಎಂದುಕೊಂಡೆ ಕಣೇ ನಾನು.

ಅದು ತಪ್ಪು, ತಿಳಿಯದೆ ಆದದ್ದು. ಇನ್ನೊಂದು ತಿಳಿದು ತಿಳಿದು ಮಾಡಿದ್ದು. ಜಾಲರಿಯ ಆಚೆಯಿಂದ ಅಪ್ಪ ಕೇಳಿದರು, ‘ಟೈಲರಮ್ಮನೇ ಅಲ್ವಾ ಹೇಳಿದ್ದು?’ ನಾನು ಹೂಂ ಎಂದು ತಲೆಯಾಡಿಸಿದೆ. ಅವರು ಅದನ್ನು ನಂಬಿ ನಿನಗೆ ಬರೆದರು, ನೀನು ಫಾರಂ ತುಂಬಿದೆ. ಮೆಟ್ಟಿಲಿನವರು ಕೇಳಿದಾಗಲೂ ನಾನು ಇಲ್ಲ ಎನ್ನಲಿಲ್ಲ. ಅದೇ ತಲೆ ಬಗ್ಗಿಸಿ ಅವಳ ಕೈಯಲ್ಲಿ ಎಣ್ಣೆ ಸವರಿಸಿಕೊಂಡೆ.

ಅಪ್ಪನಿಗೆ ಮುಂದಿನ ಭೇಟಿಯಲ್ಲಿ ಹೇಳುತ್ತೇನೆ, ಹತ್ತು ನಿಮಿಷದಲ್ಲಿ ಅದೇ ಮೊದಲು. ಟೈಲರಕ್ಕನಿಗೆ ನೀನು ಇದನ್ನು ಓದಿ ಹೇಳಬೇಡ. ನೀನು ಹೇಳಿಬಿಟ್ಟರೆ ನನಗೆ ಹಗುರಾಗುತ್ತದೆ, ಅದು ಆಗಬಾರದು. ಅವಳು ಮಂಗಳವಾರ ವಾಪಸ್ ಬರುತ್ತಾಳೆ. ನಾನೇ ಕೆಳಗಿಳಿದು ಹೋಗಿ, ಅವಳ ಮಿಷನ್ ನಿಲ್ಲಿಸಿ ಹೇಳಬೇಕು.